ಗುಂಡಿ ಒತ್ತಿದರೆ ಒಳಸೇರುವ ಸೂಜಿ: ಎಂಟು ತಿಂಗಳು ಬಳಸಿದ ಮೇಲೆ

ಬೆಳಗಿನ ಐದೂವರೆಗೆ ನನ್ನ ರೌಂಡ್ ಶುರು. ಎಂಟು ಗಂಟೆಯೊಳಗೆ ಮೂರು ವಾರ್ಡ್ ಮುಗಿಯಬೇಕು, ಹೆಚ್ಚುಕಡಿಮೆ ನಲವತ್ತು ಸ್ಯಾಂಪಲ್. ಹದಿನೇಳು ವರ್ಷದಿಂದ ಇದೇ ಕೆಲಸ. ಐಡಿ ಕಾರ್ಡಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಅಂತಿದೆ, ಮಕ್ಕಳ ವಾರ್ಡಿನಲ್ಲಿ ಮಾತ್ರ ನನ್ನ ಹೆಸರು ಸೂಜಿ ಆಂಟಿ. ಹಾಗಾಗಿ ಸೂಜಿಯ ಬಗ್ಗೆ ನಾಲ್ಕು ಮಾತು ಬರೆದರೆ ಯಾರೂ ಬೇಡ ಅನ್ನಲಾರರು ಎಂದುಕೊಂಡಿದ್ದೇನೆ.

ನಮ್ಮ ಲ್ಯಾಬಿಗೆ ಎಂಟು ತಿಂಗಳ ಹಿಂದೆ ಗುಂಡಿ ಇರುವ ಬಟರ್‌ಫ್ಲೈ ಸೂಜಿ ಬಂತು. ಯಾವ ಕಂಪನಿಯದು ಎಂದು ಬರೆಯುವುದಿಲ್ಲ. ಈ ಬಗೆಯದನ್ನು ಹಲವರು ಮಾಡುತ್ತಾರೆ, ನಾನು ಹೇಳುವುದು ಆ ಜಾತಿಯ ಬಗ್ಗೆ. ನೋಡಲು ಹಳೆಯದರ ಹಾಗೆಯೇ: ಎರಡು ರೆಕ್ಕೆ, ಹಿಂದೆ ಉದ್ದನೆಯ ತೆಳು ಟ್ಯೂಬಿಂಗ್, ಅದರ ತುದಿಯಲ್ಲಿ, ರಕ್ತದ ಟ್ಯೂಬ್ ಸಿಕ್ಕಿಸುವ ಹೋಲ್ಡರಿಗೆ ತಿರುಗಿಸಿ ಕೂರಿಸುವ ಅಡಾಪ್ಟರ್. ಹಸಿರು ಅಂದರೆ 21 ಗೇಜ್, ತಿಳಿನೀಲಿ ಅಂದರೆ 23 (ಗೇಜ್ ಸಂಖ್ಯೆ ಹೆಚ್ಚಾದಷ್ಟು ಸೂಜಿ ತೆಳು). ವ್ಯತ್ಯಾಸವೆಲ್ಲ ರೆಕ್ಕೆಯ ಹಿಂದಿರುವ ಪುಟ್ಟ ಗುಂಡಿಯಲ್ಲಿದೆ. ಕೊನೆಯ ಟ್ಯೂಬ್ ತುಂಬಿ, ತೋಳಿಗೆ ಬಿಗಿದ ಪಟ್ಟಿ (ಟೂರ್ನಿಕೆ) ಬಿಚ್ಚಿ, ಸೂಜಿ ಇನ್ನೂ ನರದೊಳಗೆ ಇರುವಾಗಲೇ ಆ ಗುಂಡಿ ಒತ್ತಬೇಕು. ಒಳಗಿನ ಸ್ಪ್ರಿಂಗ್ ಸೂಜಿಯನ್ನು ಹಿಂದಕ್ಕೆಳೆದು ಪ್ಲಾಸ್ಟಿಕ್ ಗೂಡಿನೊಳಗೆ ಹಾಕಿಬಿಡುತ್ತದೆ. ಟಕ್ ಅಂತ ಒಂದು ಸದ್ದು. ಕೈಯಲ್ಲಿ ಉಳಿಯುವುದು ಮೊನೆಯಿಲ್ಲದ ಪ್ಲಾಸ್ಟಿಕ್ ತುಂಡು.

ಹಳೆಯದರ ಕಥೆ ಹೇಳದೆ ಹೊಸದನ್ನು ಹೊಗಳಿದರೆ ನನ್ನ ಮಾತಿಗೆ ತೂಕ ಬರುವುದಿಲ್ಲ. ಹೋದ ವರ್ಷ ಹಳೆಯದು ನನಗೆ ಚುಚ್ಚಿತ್ತು.

ಏಳನೇ ಬೆಡ್ಡಿನ ಅಜ್ಜ. ಹೆಪಟೈಟಿಸ್ ಸಿ ಪಾಸಿಟಿವ್ ಎಂದು ಫೈಲಿನಲ್ಲೇ ಇತ್ತು, ರಕ್ತದಿಂದ ಹರಡಿ ಲಿವರಿಗೆ ಬಡಿಯುವ ವೈರಸ್ ಅದು. ಮಾತ್ರೆ ಇನ್ನೂ ಶುರುವಾಗಿರಲಿಲ್ಲ. ವರ್ಷಗಟ್ಟಲೆ ಸೂಜಿ ತಿಂದ ಕೈ, ನರ ಬೆರಳಿಗೆ ಸಿಕ್ಕ ಹಾಗೆ ಮಾಡಿ ಜಾರಿಕೊಳ್ಳುತ್ತಿತ್ತು. "ಆ ಕೈ ಬಿಡಮ್ಮ, ಈ ಕೈಲಿ ಹೆಬ್ಬೆರಳ ಕಡೆ ಒಂದಿದೆ, ನಿನ್ನೆ ರಾತ್ರಿಯವರಿಗೂ ಅದೇ ಸಿಕ್ಕಿದ್ದು" ಎಂದು ಅವರೇ ದಾರಿ ತೋರಿಸಿದರು. ಒಂದೇ ಸಲಕ್ಕೆ ಬಂತು. ಮೂರು ಟ್ಯೂಬ್ ತುಂಬಿದೆ, ಸೂಜಿ ತೆಗೆದೆ, ಹತ್ತಿ ಒತ್ತಿ ಹಿಡಿದುಕೊಳ್ಳಿ ಎಂದೆ. ಅಲ್ಲಿಗೆ ನನ್ನ ಮಟ್ಟಿಗೆ ಕೆಲಸ ಮುಗಿದಿತ್ತು. ನಾನು ಕಂಡಂತೆ ಚುಚ್ಚಿಸಿಕೊಂಡವರಲ್ಲಿ ಹೆಚ್ಚಿನವರು ಚುಚ್ಚಿಸಿಕೊಂಡದ್ದು ಕೆಲಸ ಮುಗಿಯಿತು ಎಂದುಕೊಂಡ ಮೇಲೆಯೇ.

ಬಳಸಿದ ಸೂಜಿ ಹಾಕುವ ಶಾರ್ಪ್ಸ್ ಬಾಕ್ಸ್ ಇದ್ದದ್ದು ವಾರ್ಡಿನ ಬಾಗಿಲ ಪಕ್ಕ. ಆಮೇಲೆ ಒಂದು ದಿನ ಎಣಿಸಿ ನೋಡಿದೆ, ಏಳನೇ ಬೆಡ್ಡಿನಿಂದ ಹನ್ನೊಂದು ಹೆಜ್ಜೆ. ಬತ್ತಲೆ ಸೂಜಿ ಹಿಡಿದು ಹನ್ನೊಂದು ಹೆಜ್ಜೆ ನಡೆದೆ. ಮುಕ್ಕಾಲು ಭಾಗದಲ್ಲಿ ಒಂದು ಗೆರೆ ಇರುತ್ತದೆ, ಅಲ್ಲಿಗೆ ಬಂದರೆ ಬಾಕ್ಸ್ ಮುಚ್ಚಿ ಬದಲಿಸಬೇಕು. ಅವತ್ತು ಅದು ಗೆರೆ ದಾಟಿ ಬಾಯಿಯವರೆಗೆ ತುಂಬಿತ್ತು. ಯಾವುದೋ ಸಿರಿಂಜಿನ ಹಿಂಬದಿ ಹೊರಗೆ ಇಣುಕುತ್ತಿತ್ತು. ರೆಕ್ಕೆ ಹಿಡಿದು ಒಳಗೆ ಬಿಟ್ಟೆ. ಬಟರ್‌ಫ್ಲೈ ಬಳಸಿದವರಿಗೆ ಗೊತ್ತು, ಪ್ಯಾಕೆಟ್ಟಿನಲ್ಲಿ ಸುರುಳಿ ಸುತ್ತಿಕೊಂಡಿದ್ದ ಟ್ಯೂಬಿಂಗ್ ಆ ಸುರುಳಿಯ ನೆನಪು ಬಿಡುವುದಿಲ್ಲ. ಸೂಜಿ ಒಳಗೆ ಇಳಿಯುವ ಬದಲು ಆ ಸಿರಿಂಜಿಗೆ ತಾಗಿತು, ಟ್ಯೂಬಿಂಗ್ ಮಡಚಿಕೊಂಡು ಪುಟಿಯಿತು, ಮೊನೆ ಚೇಳಿನ ಕೊಂಡಿಯ ಹಾಗೆ ತಿರುಗಿ ಎಡಗೈ ತೋರುಬೆರಳಿನ ಪಕ್ಕಕ್ಕೆ ಬಡಿಯಿತು.

ನೋವೇನೂ ಇಲ್ಲ. ಇರುವೆ ಕಚ್ಚಿದಷ್ಟೂ ಇಲ್ಲ. ಗ್ಲೌಸಿನ ಮೇಲೆ ತೂತು ಕಾಣುತ್ತಲೇ ಇರಲಿಲ್ಲ. ಗ್ಲೌಸ್ ಕಳಚಿದಾಗ ಮಾತ್ರ ಸಾಸಿವೆ ಕಾಳಿನಷ್ಟು ಕೆಂಪು ಎದ್ದು ನಿಂತಿತ್ತು. ಇದು ಅಜ್ಜನದೋ ನನ್ನದೋ ಎಂಬ ಹುಚ್ಚು ಪ್ರಶ್ನೆ ಮೊದಲು ಬಂತು. ಆಮೇಲೆ ನಲ್ಲಿಯ ಕಡೆ ಓಡಿದೆ.

ಬೆರಳು ಹಿಂಡಿ ರಕ್ತ ತೆಗೆಯಬೇಕು ಅನ್ನುವುದು ನಮ್ಮವರ ಬಾಯಲ್ಲಿ ಇನ್ನೂ ಉಳಿದಿದೆ. ಸ್ಪಿರಿಟ್ ಸುರಿ, ಬ್ಲೀಚ್ ಹಾಕು ಅನ್ನುವವರೂ ಇದ್ದಾರೆ. ಯಾವುದೂ ಬೇಡ. ಸೋಪು, ಹರಿಯುವ ನೀರು, ಅಷ್ಟೇ. ಹಿಂಡಿದರೆ ಸೋಂಕು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ, ಬ್ಲೀಚ್ ಚರ್ಮವನ್ನೇ ಸುಡುತ್ತದೆ. ಇದನ್ನೆಲ್ಲ ಹೊಸ ಹುಡುಗಿಯರಿಗೆ ಹೇಳಿಕೊಡುವವಳು ನಾನೇ. ಆದರೂ ನಲ್ಲಿ ಕೆಳಗೆ ನಿಂತಾಗ ನನ್ನ ಬಲಗೈ ಎಡಗೈಯನ್ನು ಹಿಂಡುತ್ತಿತ್ತು. ನಾನೇ ಬೈದುಕೊಂಡು ಬಿಡಿಸಿದೆ.

ಸಿಬ್ಬಂದಿ ಆರೋಗ್ಯ ಕ್ಲಿನಿಕ್ಕಿಗೂ ಇಲ್ಲೇ ಅಂಕ ಕೊಟ್ಟುಬಿಡುತ್ತೇನೆ, ಅದೂ ಒಂದು ಸೇವೆ ತಾನೇ. ಹದಿನೈದು ನಿಮಿಷದೊಳಗೆ ನೋಡಿದರು, ಯಾರೂ ಬೈಯಲಿಲ್ಲ, ಅದಕ್ಕೆ ಪೂರ್ಣ ಅಂಕ. ಚುಚ್ಚಿಸಿಕೊಂಡು ಬಂದವರನ್ನು ಕಳ್ಳರಂತೆ ವಿಚಾರಿಸುವ ಕಡೆಗಳಲ್ಲಿ ಜನ ಸುಮ್ಮನೆ ಬ್ಯಾಂಡೇಜ್ ಸುತ್ತಿಕೊಂಡು ಕೆಲಸಕ್ಕೆ ವಾಪಸ್ ಹೋಗುತ್ತಾರೆ, ವರದಿಯೇ ಆಗುವುದಿಲ್ಲ. ಅಂಕ ಕಳೆದದ್ದು ಅವರ ಫಾರ್ಮಿಗೆ. ನಾಲ್ಕು ಪುಟ. ಗ್ಲೌಸ್ ಹಾಕಿದ್ದಿರಾ? ತರಬೇತಿ ಆಗಿದೆಯೇ? ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಿದ್ದಿರಾ? ಎಲ್ಲವೂ ನನ್ನ ಬಗ್ಗೆ. ಬಾಕ್ಸ್ ಎಲ್ಲಿತ್ತು, ಎಷ್ಟು ತುಂಬಿತ್ತು, ಸೂಜಿ ಯಾವ ಬಗೆಯದು ಎಂದು ಕೇಳುವ ಒಂದು ಕಾಲಮ್ ಕೂಡ ಇಲ್ಲ. ಕೊನೆಯ ಪುಟದ ಅಂಚಿನಲ್ಲಿ ಪೆನ್ನಿನಲ್ಲೇ ಬರೆದೆ: ಬಾಕ್ಸ್ ತುಂಬಿತ್ತು, ಹನ್ನೊಂದು ಹೆಜ್ಜೆ. (ಹೆಜ್ಜೆ ಎಣಿಸಿದ್ದು ಮರುದಿನ. ಮತ್ತೆ ಹೋಗಿ ಫಾರ್ಮ್ ಕೇಳಿ ಬರೆದು ಬಂದೆ. ಕೌಂಟರಿನ ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ.)

ಡ್ಯೂಟಿಯಲ್ಲಿದ್ದ ಡಾಕ್ಟರ್ ಚಿಕ್ಕ ವಯಸ್ಸಿನವರು. ಒಂದು ಹಾಳೆ ತೆಗೆದು ಮೂರು ಚೌಕ ಬರೆದರು. ಮೊದಲನೆಯದು ಹೆಪಟೈಟಿಸ್ ಬಿ. ಲಸಿಕೆ ಹಾಕಿಸಿಕೊಳ್ಳದವರಿಗೆ ಪಾಸಿಟಿವ್ ರಕ್ತದ ಸೂಜಿ ಚುಚ್ಚಿದರೆ ನೂರರಲ್ಲಿ 6ರಿಂದ 30 ಜನಕ್ಕೆ ತಗಲುವ ರೋಗ ಅದು. ನನ್ನ ಮೂರು ಡೋಸ್ ಆಗಿದೆ, ಆ್ಯಂಟಿಬಾಡಿ ಮಟ್ಟ ರಕ್ಷಣೆಗೆ ಬೇಕಾದ 10ಕ್ಕಿಂತ ಮೇಲಿದೆ, ಚಿಂತೆಯಿಲ್ಲ ಎಂದು ಸರಿ ಗುರುತು ಹಾಕಿದರು. ಎರಡನೆಯದು ಎಚ್‌ಐವಿ, ಸಾವಿರಕ್ಕೆ ಸುಮಾರು ಮೂರು. ಬೇಕಾದರೆ 72 ಗಂಟೆಯೊಳಗೆ ಮಾತ್ರೆ ಶುರು ಮಾಡಬಹುದು, ಅಜ್ಜನ ಪರೀಕ್ಷೆ ನೆಗೆಟಿವ್ ಇದ್ದದ್ದರಿಂದ ಅದಕ್ಕೂ ಸರಿ ಗುರುತು. ಮೂರನೇ ಚೌಕದೊಳಗೆ 'ಸಿ' ಎಂದು ಬರೆದು ಪೆನ್ನು ಎತ್ತಿದರು.

"ಇದಕ್ಕೆ?"

"ಇದಕ್ಕೆ ಕಾಯೋದು, ಸಿಸ್ಟರ್."

"ನಾನು ಸಿಸ್ಟರ್ ಅಲ್ಲ ಸರ್, ಲ್ಯಾಬ್."

"ಲ್ಯಾಬಿನವರಾದರೆ ಇನ್ನೂ ಒಳ್ಳೆಯದು, ಪಿಸಿಆರ್ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ."

ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ. ಚುಚ್ಚಿದ ಕೂಡಲೇ ಕೊಡುವ ಇಂಜೆಕ್ಷನ್ ಇಲ್ಲ. ಬಿ ವೈರಸ್ಸಿಗೆ ಕೊಡುವಂಥ ಇಮ್ಯುನೋಗ್ಲಾಬ್ಯುಲಿನ್ ಇದರ ಮುಂದೆ ನಡೆಯುವುದಿಲ್ಲ. ಈ ವೈರಸ್ ತನ್ನ ಹೊರಮೈಯನ್ನು ಬದಲಿಸುತ್ತಲೇ ಇರುತ್ತದೆ, ದೇಹ ಮಾಡಿದ ಆ್ಯಂಟಿಬಾಡಿ ಅದನ್ನು ತಡೆಯುವುದೂ ಇಲ್ಲ. ಒಮ್ಮೆ ಬಂದು ಗುಣವಾದವರಿಗೆ ಮತ್ತೆ ಬರಬಹುದು. ಹಾಗಾಗಿ ಉಳಿದಿರುವ ದಾರಿ ಒಂದೇ, ಪರೀಕ್ಷೆ ಮಾಡುತ್ತಾ ಹೋಗುವುದು, ಬಂದರೆ ಚಿಕಿತ್ಸೆ ಕೊಡುವುದು. ಮೊದಲ ಪರೀಕ್ಷೆ 48 ಗಂಟೆಯೊಳಗೆ. ಅದು ಈ ಸೂಜಿಯಿಂದ ಬಂದದ್ದನ್ನು ನೋಡಲು ಅಲ್ಲ, ಮೊದಲೇ ಇತ್ತೇ ಎಂದು ನೋಡಲು. ಕೇಳಿದಾಗ ಸ್ವಲ್ಪ ಅವಮಾನವಾಯಿತು, ಆಮೇಲೆ ಯೋಚಿಸಿದರೆ ಅದು ನನ್ನ ಹಿತಕ್ಕೇ. ನಾಳೆ ಪಾಸಿಟಿವ್ ಬಂದರೆ ಇದು ಕೆಲಸದಲ್ಲೇ ಬಂದದ್ದು ಎಂದು ತೋರಿಸಲು ಆ ಒಂದು ಹಾಳೆ ಬೇಕು. ಎರಡನೆಯದು ಮೂರರಿಂದ ಆರು ವಾರದ ನಡುವೆ, ರಕ್ತದಲ್ಲಿ ವೈರಸ್ಸೇ ಇದೆಯೇ ಎಂದು ಪಿಸಿಆರ್ ಮಾಡಿ ಅದರ ಆರ್‌ಎನ್‌ಎ ನೋಡುವುದು. ಕೊನೆಯದು ನಾಲ್ಕರಿಂದ ಆರು ತಿಂಗಳಿಗೆ, ಆ್ಯಂಟಿಬಾಡಿ. ನಡುವೆ ರಜೆ ಬೇಕಿಲ್ಲ, ಕೆಲಸ ಮಾಡಬಹುದು.

"ತಗಲುವ ಸಾಧ್ಯತೆ ಎಷ್ಟು ಸರ್?"

ನಾನು ಓದುವಾಗ ಪುಸ್ತಕದಲ್ಲಿದ್ದ ಸಂಖ್ಯೆ ಶೇ 1.8. ಅಂದರೆ ಐವತ್ತೈದು ಚುಚ್ಚಿಗೆ ಒಂದು. 2020ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಅದು ಶೇ 0.2ಕ್ಕೆ ಇಳಿದಿದೆ, ಐನೂರಕ್ಕೆ ಒಂದು. ಡಾಕ್ಟರ್ ಹೇಳಿದ್ದು ಇದೇ ಎರಡನೆಯದನ್ನು. ಸಮಾಧಾನವಾಗಬೇಕಿತ್ತು. ಆದರೆ ಎಲ್ಲ ಚುಚ್ಚೂ ಒಂದೇ ಅಲ್ಲ ಎನ್ನುವುದೂ ನನಗೆ ಗೊತ್ತಿತ್ತು. ಹೊಲಿಗೆಯ ಗಟ್ಟಿ ಸೂಜಿಗಿಂತ ಒಳಗೆ ಟೊಳ್ಳಿರುವ ಸೂಜಿ ಹೆಚ್ಚು ರಕ್ತ ಹೊರುತ್ತದೆ. ರೋಗಿಯ ನರದಿಂದ ನೇರವಾಗಿ ಬಂದ ಸೂಜಿಯಾದರೆ ಅಪಾಯ ಹೆಚ್ಚು. ಗಾಯ ಆಳವಾದರೆ ಹೆಚ್ಚು, ರೋಗಿಯ ರಕ್ತದಲ್ಲಿ ವೈರಸ್ ಹೆಚ್ಚಿದ್ದರೆ ಹೆಚ್ಚು. ನನ್ನದು ಟೊಳ್ಳು, ನರದಿಂದ ಬಂದದ್ದು, ಆದರೆ ಆಳವಿಲ್ಲ, ಗ್ಲೌಸ್ ಹಾದು ಬಂದದ್ದು. ಗ್ಲೌಸ್ ಸೂಜಿಯ ಹೊರಮೈಯ ರಕ್ತವನ್ನು ಒರೆಸಿಬಿಡುತ್ತದೆ, ಒಳಗಿನದನ್ನು ಒರೆಸುವುದಿಲ್ಲ. ಬೆರಳು ನೋಡುತ್ತಾ ಈ ಕೂಡುವ ಕಳೆಯುವ ಲೆಕ್ಕ ಎಷ್ಟು ಸಲ ಮಾಡಿದೆನೋ.

ಆರು ತಿಂಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮನೆಯಲ್ಲಿ ನನ್ನ ಟೂತ್‌ಬ್ರಶ್ಶನ್ನು ನಾನೇ ಬೇರೆ ಲೋಟಕ್ಕೆ ಹಾಕಿದೆ, ಯಾರೂ ಹೇಳಿರಲಿಲ್ಲ. ನಮ್ಮ ಯಜಮಾನರು ಎರಡು ದಿನ ನೋಡಿ, ಮೂರನೇ ದಿನ ತಮ್ಮದನ್ನೂ ಅದೇ ಲೋಟಕ್ಕೆ ಹಾಕಿಟ್ಟರು, ಮಾತಾಡಲಿಲ್ಲ. (ಬ್ರಶ್, ರೇಜರ್ ಹಂಚಿಕೊಳ್ಳಬಾರದು ನಿಜ, ಲೋಟದಿಂದ ಏನೂ ಬರುವುದಿಲ್ಲ. ಒಟ್ಟಿಗೆ ಊಟ ಮಾಡಿದರೆ, ತಬ್ಬಿಕೊಂಡರೆ ಬರುವ ರೋಗವಲ್ಲ ಇದು. ಈ ಕಾಯುವ ಅವಧಿಯಲ್ಲಿ ಗಂಡ ಹೆಂಡತಿ ಎಂದಿನಂತೆಯೇ ಇರಬಹುದು, ಎಳೆಮಕ್ಕಳಿದ್ದರೆ ಹಾಲೂಡಿಸಬಹುದು.) ರಕ್ತದಾನ ಮಾತ್ರ ಕೂಡದು. ವರ್ಷಕ್ಕೆ ಎರಡು ಸಲ ಕೊಡುತ್ತಿದ್ದವಳು ನಾನು. ಬ್ಲಡ್ ಬ್ಯಾಂಕಿನವರು ಫೋನ್ ಮಾಡಿದಾಗ ನೆಗಡಿ ಎಂದೆ. ಮುಂದಿನ ಸಲವೂ ನೆಗಡಿ ಎಂದೆ.

ಸಿ ತಗಲಿದವರಲ್ಲಿ ಹತ್ತಕ್ಕೆ ಎಂಟು ಜನಕ್ಕೆ ಮೊದಮೊದಲು ಯಾವ ಲಕ್ಷಣವೂ ಇರುವುದಿಲ್ಲ. ನನ್ನಂಥವರಿಗೆ ಗೋಳಾಗುವುದೇ ಅದರಿಂದ. ಸುಸ್ತಾದರೆ ಅದಿರಬಹುದೇ ಎನ್ನುವ ಅನುಮಾನ, ಸುಸ್ತಾಗದಿದ್ದರೂ ಅದೇ ಅನುಮಾನ. ಕನ್ನಡಿಯಲ್ಲಿ ಕಣ್ಣಿನ ಬಿಳಿ ನೋಡುವ ಚಾಳಿ ಆಗ ಹತ್ತಿತು, ಈಗಲೂ ಪೂರ್ತಿ ಬಿಟ್ಟಿಲ್ಲ.

ನನ್ನನ್ನು ಆ ಆರು ತಿಂಗಳು ಹಿಡಿದು ನಿಲ್ಲಿಸಿದವರು ನಿವೃತ್ತರಾದ ನಮ್ಮ ಹಿರಿಯ ಟೆಕ್ನಿಷಿಯನ್ ಒಬ್ಬರು, ಸ್ವತಃ ಸಿ ಬಂದು ಗುಣವಾದವರು. ಅವರು ಕೆಲಸಕ್ಕೆ ಸೇರಿದ ಕಾಲಕ್ಕೆ ಈ ರೋಗಕ್ಕೆ ಸ್ವಂತ ಹೆಸರೇ ಇರಲಿಲ್ಲ. ಎ ಅಲ್ಲ, ಬಿ ಅಲ್ಲ ಎನ್ನುವ ಅರ್ಥದಲ್ಲಿ 'ನಾನ್-ಎ ನಾನ್-ಬಿ' ಎನ್ನುತ್ತಿದ್ದರಂತೆ. ವೈರಸ್ ಪತ್ತೆಯಾದದ್ದು 1989ರಲ್ಲಿ, ಅದಕ್ಕಾಗಿ ಹಾರ್ವೆ ಆಲ್ಟರ್, ಮೈಕೆಲ್ ಹೌಟನ್, ಚಾರ್ಲ್ಸ್ ರೈಸ್ ಅವರಿಗೆ ನೊಬೆಲ್ ಸಿಕ್ಕಿದ್ದು 2020ರಲ್ಲಿ. ಆ ಕಾಲದಲ್ಲಿ ಇವರು ಗ್ಲೌಸಿಲ್ಲದೆ ರಕ್ತ ತೆಗೆದವರು, ಪಿಪೆಟ್ಟನ್ನು ಬಾಯಲ್ಲಿ ಹೀರಿದವರು. ಯಾವ ಚುಚ್ಚಿನಿಂದ ಬಂತು ಎಂದು ಕೇಳಿದರೆ ನಗುತ್ತಾರೆ, "ಯಾವುದು ಅಂತ ಹೇಳಲಿ?" ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಬೇರೇನಕ್ಕೋ ರಕ್ತ ಪರೀಕ್ಷೆ ಮಾಡಿಸಿದಾಗ. ಇದು ಹೀಗೆಯೇ ಸದ್ದಿಲ್ಲದೆ ಕೂರುವ ರೋಗ. ತಗಲಿದವರಲ್ಲಿ ನೂರಕ್ಕೆ ಮೂವತ್ತರಷ್ಟು ಜನಕ್ಕೆ ಆರು ತಿಂಗಳೊಳಗೆ ತಾನಾಗಿಯೇ ಹೋಗುತ್ತದೆ, ಉಳಿದವರಲ್ಲಿ ನೆಲೆಯೂರುತ್ತದೆ. ನೆಲೆಯೂರಿದವರಲ್ಲಿ ನೂರಕ್ಕೆ 15ರಿಂದ 30 ಜನಕ್ಕೆ ಇಪ್ಪತ್ತು ವರ್ಷದೊಳಗೆ ಲಿವರ್ ಗಟ್ಟಿಯಾಗಿ ಸಿರೋಸಿಸ್ಸಿಗೆ ಬರಬಹುದು.

ಅವರಿಗೆ ಮೊದಲು ಕೊಟ್ಟದ್ದು ಇಂಟರ್‌ಫೆರಾನ್. ವಾರಕ್ಕೊಂದು ಇಂಜೆಕ್ಷನ್, ಜೊತೆಗೆ ರೈಬವೈರಿನ್ ಮಾತ್ರೆ, 48 ವಾರ. ಇಂಜೆಕ್ಷನ್ ದಿನ ಜ್ವರ, ಮೈಕೈ ನೋವು. ಕೂದಲು ಉದುರಿತು. ಮಗ ಟಿವಿ ಸೌಂಡ್ ಜೋರಾಗಿ ಇಟ್ಟ ಎಂದು ಅತ್ತದ್ದನ್ನು ಅವರು ಈಗ ತಮಾಷೆಯಾಗಿ ಹೇಳುತ್ತಾರೆ. ಅವರ ಬಗೆಯ ವೈರಸ್ಸಿಗೆ ಆ ಚಿಕಿತ್ಸೆ ಅರ್ಧದಷ್ಟು ಜನಕ್ಕೂ ಹಿಡಿಯುತ್ತಿರಲಿಲ್ಲ, ಅವರಿಗೂ ಹಿಡಿಯಲಿಲ್ಲ. 2013ರ ಕೊನೆಗೆ ಸೊಫೊಸ್ಬುವಿರ್‌ಗೆ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು, ಅದರ ಬೆನ್ನಿಗೆ ಬೇರೆ ಮಾತ್ರೆಗಳೂ ಬಂದವು. ಈಗ ಬರೀ ಮಾತ್ರೆ, ಹೆಚ್ಚಿನವರಿಗೆ 8ರಿಂದ 12 ವಾರ, ನೂರಕ್ಕೆ 95ಕ್ಕೂ ಹೆಚ್ಚು ಜನಕ್ಕೆ ಗುಣ. ಅವರಿಗೂ ಹನ್ನೆರಡು ವಾರದಲ್ಲಿ ಹೋಯಿತು. "ನಿನಗೆ ಬಂದರೂ ಮೂರು ತಿಂಗಳ ಮಾತ್ರೆ ಕಣೇ. ನಾನು ನೋಡು, ಒಂದು ವರ್ಷ ಗಂಡನ ಮುಖ ಕಂಡರೆ ಬೈಯುತ್ತಿದ್ದೆ" ಎಂದರು. ಆ ಮಾತಿನಿಂದ ಆದಷ್ಟು ಧೈರ್ಯ ಆ ಐನೂರಕ್ಕೆ ಒಂದರಿಂದ ಆಗಿರಲಿಲ್ಲ.

ಆದರೆ ಒಂದು ಮಾತು. 'ಈಗ ಗುಣವಾಗುತ್ತಲ್ಲ' ಎನ್ನುವುದನ್ನು ರೋಗ ದಾಟಿ ಬಂದವರು ಹೇಳಿದರೆ ಅದು ಸಮಾಧಾನ. ಅದನ್ನೇ ಸೂಜಿ ಖರೀದಿಸುವವರು ಮೀಟಿಂಗಿನಲ್ಲಿ ಹೇಳಿದರೆ ನನಗೆ ಮೈ ಉರಿಯುತ್ತದೆ. ನಾನು ಕೇಳಿಸಿಕೊಂಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮೂರು ಪರೀಕ್ಷೆಯೂ ನೆಗೆಟಿವ್. ಕೊನೆಯ ವರದಿ ನಮ್ಮ ಲ್ಯಾಬಿನ ಪ್ರಿಂಟರಿನಿಂದಲೇ ಬಂತು, ನಾನೇ ಹಾಳೆ ಎತ್ತಿಕೊಂಡೆ. ಅದಾದ ಮೇಲೆ ಬಂದದ್ದು ಈ ಹೊಸ ಸೂಜಿ.

ಈಗ ಸೂಜಿಯ ಗುಣ. ಎಲ್ಲಕ್ಕಿಂತ ಮುಖ್ಯವಾದದ್ದು, ಇದನ್ನು ಮುಚ್ಚಲು ಕೈ ಮೊನೆಯ ಕಡೆ ಹೋಗಬೇಕಿಲ್ಲ. ಸೇಫ್ಟಿ ಸೂಜಿ ಎಂಬ ಹೆಸರಿನಲ್ಲಿ ನಾನು ಇದಕ್ಕೂ ಮೊದಲು ಎರಡು ಬಗೆ ಬಳಸಿದ್ದೇನೆ. ಒಂದರಲ್ಲಿ ಪಕ್ಕದಲ್ಲಿ ನೇತಾಡುವ ಪ್ಲಾಸ್ಟಿಕ್ ಮುಚ್ಚಳವನ್ನು ಹೆಬ್ಬೆರಳಲ್ಲಿ ಮಡಚಿ ಮೊನೆಯ ಮೇಲೆ ಕೂರಿಸಬೇಕು. ಇನ್ನೊಂದರಲ್ಲಿ ಸೂಜಿ ಹೊರಗೆ ತೆಗೆದ ಮೇಲೆ ಒಂದು ಕೊಳವೆಯನ್ನು ಮುಂದಕ್ಕೆ ತಳ್ಳಬೇಕು. ಎರಡರಲ್ಲೂ ರಕ್ತ ಮೆತ್ತಿದ ಮೊನೆ ಒಂದೆರಡು ಸೆಕೆಂಡು ಹೊರಗಿರುತ್ತದೆ, ಆ ಸೆಕೆಂಡುಗಳಲ್ಲೇ ರೋಗಿ ಕೈ ಎಳೆಯುವುದು, ಪಕ್ಕದ ಬೆಡ್ಡಿನವರು ಕರೆಯುವುದು. ಇಲ್ಲಿ ಮೊನೆ ಹೊರಗಿನ ಗಾಳಿಯನ್ನೇ ಕಾಣುವುದಿಲ್ಲ, ನರದಿಂದ ಸೀದಾ ಗೂಡಿಗೆ. ಸುರುಳಿ ಪುಟಿದರೂ ಪುಟಿಯಲಿ. ಒಮ್ಮೆ ಬೇಕೆಂದೇ ಬಾಕ್ಸಿನ ಮೇಲೆ ಹಿಡಿದು ಪುಟಿಸಿ ನೋಡಿದೆ. ಬೆರಳಿಗೆ ಬಡಿಯಿತು, ಪ್ಲಾಸ್ಟಿಕ್ ಮಾತ್ರ.

ರೋಗಿಗಳಿಗೆ ಆ ಸದ್ದಿನ ಭಯ. ಒಳಗೇ ಎಳೆದುಕೊಳ್ಳುವಾಗ ಸಣ್ಣ ಜಗ್ಗು ಗೊತ್ತಾಗುತ್ತದೆ ಎನ್ನುತ್ತಾರೆ, ನೋವಲ್ಲ. ಈಗ ಮೊದಲೇ ಹೇಳಿಬಿಡುತ್ತೇನೆ, ಟಕ್ ಅನ್ನುತ್ತೆ, ಕೈ ಅಲ್ಲಾಡಿಸಬೇಡಿ ಅಂತ. ಮಕ್ಕಳಿಗೆ ಅದೇ ಒಂದು ಆಟವಾಗಿದೆ, ನಾನೇ ಒತ್ತುತ್ತೇನೆ ಎಂದು ಕೇಳುತ್ತವೆ. ಕೊಡುವುದಿಲ್ಲ.

ದೋಷ ಇಲ್ಲವೇ? ಇದೆ. ಮೊದಲ ವಾರ ನಾಲ್ಕು ಸೂಜಿ ಹಾಳು ಮಾಡಿದೆ. ರೆಕ್ಕೆಯನ್ನು ಹಳೆಯ ಅಭ್ಯಾಸದಂತೆ ಹಿಂದಕ್ಕೆ ಹಿಡಿದರೆ ಚುಚ್ಚುವಾಗಲೇ ಹೆಬ್ಬೆರಳು ಗುಂಡಿಗೆ ತಾಗುತ್ತದೆ, ಸೂಜಿ ಒಳಗೆ ಹೋಗಿ ಕೂರುತ್ತದೆ, ರೋಗಿ ನಿಮ್ಮ ಮುಖ ನೋಡುತ್ತಾರೆ. ಇನ್ನೊಂದು ಸಲ ಚುಚ್ಚಬೇಕಾದ ಪಾಪ ನಿಮ್ಮದು. ಸೂಜಿ ಹಿಂದೆ ಸರಿಯುವಾಗ ಕೆಲವೊಮ್ಮೆ ಒಂದು ಸಣ್ಣ ಹನಿ ಆಚೆ ಬರುತ್ತದೆ. ಸಾಸಿವೆಗಿಂತ ಚಿಕ್ಕದು, ಆದರೂ ಹನಿ ಹನಿಯೇ. ಒಣಗಿದ ರಕ್ತದಲ್ಲಿ ಈ ವೈರಸ್ ಕೋಣೆಯ ಉಷ್ಣತೆಯಲ್ಲಿ ಆರು ವಾರದವರೆಗೆ ಜೀವ ಹಿಡಿದಿರಬಲ್ಲದು ಎಂದು ಲ್ಯಾಬ್ ಪ್ರಯೋಗಗಳಲ್ಲಿ ಕಂಡಿದೆ. ಹಾಗಾಗಿ ಗುಂಡಿ ಒತ್ತುವಾಗ ಮೇಲೊಂದು ಗಾಜ್ ಬಟ್ಟೆ ಮುಚ್ಚಿಕೊಳ್ಳಿ, ಮುಖ ಹತ್ತಿರ ಒಯ್ಯಬೇಡಿ, ಟ್ರೇಯನ್ನು ಪ್ರತಿ ವಾರ್ಡಿನ ನಂತರ ಒರೆಸಿ. ಸೂಜಿಯದೇ ತಪ್ಪಲ್ಲದ ಇನ್ನೊಂದು ಕಿರಿಕಿರಿ ಎಲ್ಲ ಬಟರ್‌ಫ್ಲೈಗಳಲ್ಲೂ ಇದೆ. ಟ್ಯೂಬಿಂಗಿನಲ್ಲಿರುವ ಗಾಳಿ ಮೊದಲ ಟ್ಯೂಬಿಗೆ ಹೋಗುತ್ತದೆ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಬಳಸುವ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬನ್ನೇ ಮೊದಲು ಹಾಕಿದರೆ ರಕ್ತ ಗೆರೆ ಮುಟ್ಟುವುದಿಲ್ಲ, ಲ್ಯಾಬಿನವರು ವಾಪಸ್ ಕಳಿಸುತ್ತಾರೆ. ಹಾಗಾಗಿ ಬಿಸಾಡಲು ಒಂದು ಖಾಲಿ ಟ್ಯೂಬ್ ಮೊದಲು. ಲ್ಯಾಬಿನವಳಾಗಿ ನಾನೇ ಎಷ್ಟೋ ವಾಪಸ್ ಕಳಿಸಿದ್ದೇನೆ.

ಇನ್ನೊಂದು ಮೊನೆ ಇದೆ ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ಟ್ಯೂಬಿಂಗಿನ ಹಿಂದಿನ ತುದಿಯಲ್ಲಿ, ಹೋಲ್ಡರಿನೊಳಗೆ, ರಬ್ಬರ್ ತೋಳು ತೊಟ್ಟ ಒಂದು ಸೂಜಿ. ಟ್ಯೂಬಿನ ಮುಚ್ಚಳಕ್ಕೆ ಚುಚ್ಚುವುದು ಅದೇ. ಗುಂಡಿ ಒತ್ತಿದರೆ ಅದು ಎಲ್ಲಿಗೂ ಹೋಗುವುದಿಲ್ಲ. ಹೋಲ್ಡರ್ ಉಳಿಸೋಣ ಎಂದು ತಿರುಗಿಸಿ ಬಿಚ್ಚಿದರೆ ಅದು ಕೈಗೆ ಬರುತ್ತದೆ. ಹೋಲ್ಡರ್ ಸಮೇತ ಬಾಕ್ಸಿಗೆ ಹಾಕಿ. ಒಬ್ಬ ರೋಗಿಗೆ ಒಂದು ಹೋಲ್ಡರ್, ಅದರಲ್ಲಿ ಉಳಿತಾಯ ಬೇಡ.

ಮೂರನೇ ತಿಂಗಳಲ್ಲಿ ನಮ್ಮಲ್ಲೊಬ್ಬ ಹುಡುಗನಿಗೆ ಇದೇ ಸೂಜಿ ಚುಚ್ಚಿತು. ಲ್ಯಾಬಿನಲ್ಲಿ ಗುಸುಗುಸು, ನೋಡಿ ಇದೂ ಅಷ್ಟೇ ಎಂದು. ಕರೆದು ಕೇಳಿದೆ. ನರದಿಂದ ತೆಗೆದ ಮೇಲೆ ಗುಂಡಿ ಒತ್ತೋಣ ಅಂದುಕೊಂಡಿದ್ದೆ ಅಕ್ಕಾ, ಅಷ್ಟರಲ್ಲಿ ಅವರು ಕೈ ಎಳೆದರು ಎಂದ. ತರಬೇತಿ ಎಂದರೆ ಕಂಪನಿಯವರು ಬಂದು ಹತ್ತು ನಿಮಿಷ ಸ್ಲೈಡ್ ತೋರಿಸಿದ್ದು, ಅವನು ಅವತ್ತು ನೈಟ್ ಮುಗಿಸಿ ಮನೆಯಲ್ಲಿ ಮಲಗಿದ್ದ. ಅವನ ಕೈಯಿಗೆ ಇಪ್ಪತ್ತು ಸೂಜಿ ಕೊಟ್ಟು ಅಭ್ಯಾಸಕ್ಕಿಟ್ಟ ರಬ್ಬರ್ ಕೈಯ ಮೇಲೆ ಒಂದು ಮಧ್ಯಾಹ್ನ ಒತ್ತಿಸಿದೆ, ಟಕ್, ಟಕ್, ಟಕ್, ಪಕ್ಕದ ಕೋಣೆಯವರು ಬಂದು ಏನು ಸದ್ದು ಎಂದು ಕೇಳಿದರು. ಸೇಫ್ಟಿ ಸೂಜಿಗಳಿಂದ ಆಗುವ ಚುಚ್ಚುಗಳಲ್ಲಿ ದೊಡ್ಡ ಪಾಲು ಹೀಗೆ ಒತ್ತುವ ಮೊದಲೋ ಒತ್ತದೆಯೋ ಆಗುವಂಥವು. ಹುಡುಗನ ರೋಗಿ ಮೂರಕ್ಕೂ ನೆಗೆಟಿವ್, ಬದುಕಿದ.

ಅಂಕ ಕೊಡಲೇಬೇಕಾದರೆ ಸೂಜಿಗೆ ಐದಕ್ಕೆ ನಾಲ್ಕು. ಹೊಸದಾಗಿ ತರಿಸುವ ಲ್ಯಾಬಿನವರು ಒಂದು ವಾರ ಎರಡು ಮೂರು ಬಗೆ ತರಿಸಿ, ಬೆಳಗಿನ ರೌಂಡಿಗೆ ಹೋಗುವವರ ಕೈಗೇ ಕೊಟ್ಟು, ಯಾವುದು ಬೇಕು ಎಂದು ಅವರನ್ನೇ ಕೇಳಿ. ಅಮೆರಿಕದಲ್ಲಿ 2000ದ ಸೂಜಿ ಸುರಕ್ಷತಾ ಕಾನೂನು ಇದನ್ನೇ ಹೇಳುತ್ತದೆ, ಸೂಜಿ ಆರಿಸುವಾಗ ಬಳಸುವವರ ಅಭಿಪ್ರಾಯ ಕೇಳಬೇಕು ಎಂದು. ಯುರೋಪಿನ 2010ರ ನಿರ್ದೇಶನದಲ್ಲಿ ಸೂಜಿಗೆ ಮತ್ತೆ ಕ್ಯಾಪ್ ಹಾಕುವುದನ್ನೇ ನಿಷೇಧಿಸಿದ್ದಾರೆ. ಈಗ ನನ್ನ ಟ್ರೇಯಲ್ಲೇ ಒಂದು ಪುಟ್ಟ ಶಾರ್ಪ್ಸ್ ಬಾಕ್ಸ್ ಕೂತಿದೆ, ಹನ್ನೊಂದು ಹೆಜ್ಜೆ ಸೊನ್ನೆಯಾಗಿದೆ. ಇದನ್ನು ಕೇಳಿ ಪಡೆಯಲು ಸೂಜಿ ಕೇಳಿದ್ದಕ್ಕಿಂತ ಹೆಚ್ಚು ಓಡಾಡಿದೆ. ಎರಡರಲ್ಲಿ ಒಂದನ್ನೇ ಇಟ್ಟುಕೋ ಎಂದರೆ ಬಾಕ್ಸನ್ನೇ ಇಟ್ಟುಕೊಳ್ಳುತ್ತೇನೆ.

ಹೋದ ವಾರ ಸ್ಟೋರಿನಿಂದ ಮತ್ತೆ ಹಳೆಯ ಸೂಜಿ ಬಂತು. ಹೊಸದರ ಸ್ಟಾಕ್ ಮುಗಿದಿದೆಯಂತೆ, ಸದ್ಯಕ್ಕೆ ಇದರಲ್ಲೇ ಹೊಂದಿಸಿಕೊಳ್ಳಿ ಮೇಡಂ ಎಂದರು. ನನ್ನ ಟ್ರೇಯ ಅಡಿಯಲ್ಲಿ ಹದಿನೆಂಟು ಹೊಸವು ಬಚ್ಚಿಟ್ಟಿದ್ದವು. ಫೈಲಿನಲ್ಲಿ 'ಸಿ' ಎಂದಿರುವವರಿಗೆ ಅವನ್ನು ಉಳಿಸೋಣ ಎಂದುಕೊಂಡೆ. ಆಮೇಲೆ ಯೋಚಿಸಿದರೆ, ಫೈಲಿನಲ್ಲಿ ಇಲ್ಲದವರಲ್ಲಿ ಯಾರಿಗಿದೆ ಎಂದು ಯಾರಿಗೆ ಗೊತ್ತು, ಅವರಿಗೇ ಗೊತ್ತಿರುವುದಿಲ್ಲ. ಬೆಡ್ ಒಂದರಿಂದ ಸಾಲಾಗಿ ಬಳಸುತ್ತಾ ಹೋದೆ, ಹದಿನೆಂಟನೇ ಬೆಡ್ಡಿಗೆ ಮುಗಿಯಿತು. ಹತ್ತೊಂಬತ್ತನೇ ಬೆಡ್ಡಿನಿಂದ ವಾಪಸ್ ಬಂದು, ಸ್ಟೋರಿನಿಂದ ಸಾಮಾನು ಕೇಳಿ ಬರೆಯುವ ಇಂಡೆಂಟ್ ಬುಕ್ ತೆರೆದೆ. ಅದರಲ್ಲಿ 'ಕಾರಣ' ಎಂದೊಂದು ಕಾಲಮ್ ಇದೆ, ಯಾರೂ ತುಂಬುವುದಿಲ್ಲ. ಅಲ್ಲಿ ಚುಚ್ಚಿಸಿಕೊಂಡ ದಿನದ ತಾರೀಕು ಬರೆದು, ಪಕ್ಕದಲ್ಲಿ ಎಡಗೈ ತೋರುಬೆರಳು ಎಂದು ಬರೆದು ಸಹಿ ಹಾಕಿ ಕಳಿಸಿದ್ದೇನೆ. ಸ್ಟೋರಿನಿಂದ ಇನ್ನೂ ಫೋನ್ ಬಂದಿಲ್ಲ.